ಅಳೆದ ಮೇಲೆ ಕೇಳಿದ ಅರಸು: ಶಿಸ್ತಿನ ಶಿವಪ್ಪನಾಯಕ

ಶಿಕಾರಿಪುರ ತಾಲ್ಲೂಕಿನ ತಾಳಗುಂದ ಎಂದೊಡನೆ ಕದಂಬರು ನೆನಪಾಗುತ್ತಾರೆ. ಪ್ರಣವೇಶ್ವರ ದೇಗುಲದ ಮುಂದೆ ನಿಂತಿರುವ ಕಲ್ಲುಕಂಬ ಮಯೂರಶರ್ಮನ ಸಾಹಸವನ್ನು ಹೇಳುತ್ತದೆ ಎಂಬುದನ್ನು ಶಾಲೆಯ ಪಠ್ಯದಲ್ಲಿ ಓದದವರು ವಿರಳ. ಆದರೆ ಆ ಶಾಸನ ಹುಟ್ಟಿದ್ದು ಯುದ್ಧದ ಗೆಲುವನ್ನು ಸಾರುವುದಕ್ಕಲ್ಲ, ಒಂದು ಕೆರೆಯ ಕಾರಣಕ್ಕೆ. ಕದಂಬ ದೊರೆ ಕಾಕುಸ್ಥವರ್ಮ ದೇಗುಲದ ಸನಿಹದಲ್ಲಿ ದೊಡ್ಡ ಕೆರೆಯೊಂದನ್ನು ತೋಡಿಸಿದ. ಅವನ ಮಗ ಶಾಂತಿವರ್ಮನ ಕಾಲದಲ್ಲಿ ಕುಬ್ಜನೆಂಬ ಕವಿ ಅದನ್ನು ಸಂಸ್ಕೃತ ಪದ್ಯಗಳಲ್ಲಿ ಬರೆದು ಕಲ್ಲಿಗೆ ಇಳಿಸಿದ. ಇದು 5ನೇ ಶತಮಾನದ ಮಾತು. ವಂಶದ ಇತಿಹಾಸವೆಲ್ಲ ಆ ಕೆರೆಗೆ ಪೀಠಿಕೆಯಾಗಿ ಬಂದಿದೆ.

ಶಿಕಾರಿಪುರ, ಸೊರಬ ಸೀಮೆಗೆ ಅಂದಿನಿಂದ ಇಂದಿನವರೆಗೂ ಕೆರೆ, ಗದ್ದೆ, ತೋಟ ಇವೇ ಜೀವಾಳ. ಅಲ್ಲಿ ಆಳಿದವರೆಲ್ಲರೂ ಒಂದಲ್ಲ ಒಂದು ಬಗೆಯಲ್ಲಿ ಮಣ್ಣು ಮತ್ತು ನೀರಿನ ಲೆಕ್ಕ ನೋಡಲೇಬೇಕಾಯಿತು. ಕಾಕುಸ್ಥವರ್ಮನಿಗೆ ಸುಮಾರು 1200 ವರ್ಷಗಳ ತರುವಾಯ, ಇದೇ ಸೀಮೆಯನ್ನೂ ಒಳಗೊಂಡ ಕೆಳದಿ ರಾಜ್ಯದಲ್ಲಿ, ಆ ಲೆಕ್ಕವನ್ನು ಹಿಂದೆಂದೂ ಇಲ್ಲದಷ್ಟು ತಾಳ್ಮೆಯಿಂದ ಮಾಡಿಸಿದವನು ಶಿವಪ್ಪನಾಯಕ. ಇಂದು ಯೋಜನಾ ಇಲಾಖೆ, ಭೂಮಾಪನ ಇಲಾಖೆ, ಕೃಷಿ ಇಲಾಖೆ ಮತ್ತು ಕಂದಾಯ ಇಲಾಖೆಗಳು ಹಂಚಿಕೊಂಡಿರುವ ಕೆಲಸವನ್ನು ಆತ ಒಂದೇ ಪದ್ಧತಿಯೊಳಗೆ ತಂದ. ಆ ಪದ್ಧತಿಯ ಹೆಸರು ಶಿಸ್ತು.

ಈ ಪದವನ್ನು ನಾವಿಂದು ಬಳಸುವುದು ಬೇರೆ ಅರ್ಥದಲ್ಲಿ. ಶಾಲೆಯ ಶಿಸ್ತು, ಪಕ್ಷದ ಶಿಸ್ತು, ಶಿಸ್ತುಕ್ರಮ. ಮಲೆನಾಡಿನ ಹಳೆಯ ಕಡತಗಳಲ್ಲಿ ಮಾತ್ರ ಶಿಸ್ತು ಎಂದರೆ ನೆಲಕ್ಕೆ ಗೊತ್ತುಪಡಿಸಿದ ಕಂದಾಯ. ಶಿಸ್ತಿನ ಶಿವಪ್ಪನಾಯಕ ಎಂಬ ಬಿರುದನ್ನು ಕೇಳಿದವರು ಆತ ಬಹಳ ಕಟ್ಟುನಿಟ್ಟಿನ ಮನುಷ್ಯನಾಗಿದ್ದನೆಂದು ಭಾವಿಸುವುದುಂಟು. ಆಗಿದ್ದಿರಲೂಬಹುದು. ಆದರೆ ಬಿರುದು ಬಂದದ್ದು ಕಂದಾಯದಿಂದ.

ಕೆಳದಿ ಅರಸರ ಮನೆತನ ಆರಂಭದಲ್ಲಿ ವಿಜಯನಗರದ ಅಧೀನದಲ್ಲಿತ್ತು. ಸಾಗರದ ಬಳಿಯ ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ಅದರ ರಾಜಧಾನಿ ಸರಿಯಿತು. 1586ರಿಂದ 1629ರವರೆಗೆ ಆಳಿದ ಹಿರಿಯ ವೆಂಕಟಪ್ಪನಾಯಕನ ಕಾಲಕ್ಕೆ ರಾಜ್ಯ ಬಹುಮಟ್ಟಿಗೆ ಸ್ವತಂತ್ರವಾಗಿತ್ತು. ಅವನ ಮೊಮ್ಮಗ ವೀರಭದ್ರನಾಯಕನಿಗೆ ಆ ಭಾಗ್ಯವಿರಲಿಲ್ಲ. 1637-38ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಇಕ್ಕೇರಿಯ ಮೇಲೆ ಎರಗಿದ. ಭಾರೀ ಕಪ್ಪ ಕೊಟ್ಟು ರಾಜಿ ಮಾಡಿಕೊಳ್ಳುವುದು ಅನಿವಾರ್ಯವಾಯಿತು. ಬಯಲಿಗೆ ತೆರೆದುಕೊಂಡಿದ್ದ ಇಕ್ಕೇರಿಯನ್ನು ಬಿಟ್ಟು, ಘಟ್ಟದ ಅಂಚಿನ ದಟ್ಟ ಕಾಡಿನ ನಡುವಿನ ಬಿದನೂರಿಗೆ ರಾಜಧಾನಿ ಹೋದದ್ದು ಆ ಪೆಟ್ಟಿನ ನಂತರ.

ಸಿದ್ದಪ್ಪನಾಯಕನ ಮಗನಾದ ಶಿವಪ್ಪ ಈ ಕಷ್ಟಕಾಲವನ್ನು ಹತ್ತಿರದಿಂದ ಕಂಡವನು. ವೀರಭದ್ರನಿಗೆ ಚಿಕ್ಕಪ್ಪನ ವರಸೆಯಾಗಬೇಕಾಗಿದ್ದ ಆತ ಸೇನೆಯ ಹೊಣೆ ಹೊತ್ತಿದ್ದ. ಮಕ್ಕಳಿಲ್ಲದ ವೀರಭದ್ರ 1645ರಲ್ಲಿ ಅವನಿಗೆ ಪಟ್ಟ ಬಿಟ್ಟುಕೊಟ್ಟನೆಂದು ಕೆಳದಿಯ ಪರಂಪರೆ ಹೇಳುತ್ತದೆ. ಕೈಗೆ ಬಂದದ್ದು ಬಿಜಾಪುರದ ಹೊಡೆತಕ್ಕೆ ಸೊರಗಿದ ರಾಜ್ಯ. ಬೊಕ್ಕಸ ತುಂಬಬೇಕು, ಹೊಸ ರಾಜಧಾನಿ ಕಟ್ಟಬೇಕು, ಕರಾವಳಿಯಲ್ಲಿ ಬೇರೂರಿದ್ದ ಪೋರ್ಚುಗೀಸರನ್ನು ಎದುರಿಸಬೇಕು. ಇಂಥ ಸ್ಥಿತಿಯಲ್ಲಿ ಆಳುವವರು ಸಾಮಾನ್ಯವಾಗಿ ಹಿಡಿಯುವ ಹಾದಿ ಒಂದೇ: ತೆರಿಗೆಯನ್ನು ಏರಿಸಿ, ವಸೂಲಿಯನ್ನು ಗುತ್ತಿಗೆದಾರರಿಗೆ ಒಪ್ಪಿಸುವುದು. ಶಿವಪ್ಪನಾಯಕ ಆ ಹಾದಿ ಹಿಡಿಯಲಿಲ್ಲ ಎಂಬುದೇ ಅವನ ಬದುಕಿನ ಮುಖ್ಯ ಸಂಗತಿ. ಕೋಟೆ, ಯುದ್ಧಗಳ ಕಥನದಲ್ಲಿ ಇದು ಹಿಂದೆ ಸರಿದಿದೆ.

ಶಿಸ್ತು ಹೇಗೆ ರೂಪುಗೊಂಡಿತೆಂಬ ವಿವರವನ್ನು ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರ್‌ನಲ್ಲಿ ಕೊಟ್ಟಿದ್ದಾರೆ. ಮೊದಲು ಮಣ್ಣನ್ನು ಗುಣಕ್ಕೆ ತಕ್ಕಂತೆ 5 ತರಗಳಾಗಿ ವಿಂಗಡಿಸಲಾಯಿತು: ಉತ್ತಮ, ಮಧ್ಯಮ, ಕನಿಷ್ಠ, ಅಧಮ, ಅಧಮಾಧಮ. ಪ್ರತಿ ಗ್ರಾಮದಲ್ಲಿ ಪ್ರತಿಯೊಂದು ತರಕ್ಕೂ ಒಂದೊಂದು ಹೊಲವನ್ನು ಆರಿಸಿ, ಅದನ್ನು ಸರ್ಕಾರದ ಲೆಕ್ಕದಲ್ಲಿಯೇ ಸಾಗುವಳಿ ಮಾಡಿಸಲಾಯಿತು. ಬಿತ್ತಿದ ಬೀಜವೆಷ್ಟು, ಉಳುಮೆಯಿಂದ ಕೊಯ್ಲಿನವರೆಗೆ ತಗುಲಿದ ಖರ್ಚೆಷ್ಟು, ಕಣಕ್ಕೆ ಬಂದ ಫಸಲೆಷ್ಟು, ಅದರ ಬೆಲೆಯೆಷ್ಟು ಎಂಬುದನ್ನೆಲ್ಲ ಬರೆದಿಡಲಾಯಿತು. ಒಂದೆರಡು ವರ್ಷವಲ್ಲ, ಸತತ 12 ವರ್ಷ. ಆನಂತರ ಫಸಲಿನ ಮತ್ತು ಬೆಲೆಯ ಸರಾಸರಿ ತೆಗೆದು, ಒಟ್ಟು ಉತ್ಪನ್ನದ ಮೂರನೆಯ ಒಂದು ಪಾಲನ್ನು ಸರ್ಕಾರದ ಹಕ್ಕೆಂದು ನಿಗದಿ ಮಾಡಲಾಯಿತು. 50 ಸೇರಿನ ಖಂಡುಗ ಧಾನ್ಯಕ್ಕೆ 1 ಹಣ, 10 ಹಣಕ್ಕೆ 1 ವರಹ ಎಂಬುದು ಲೆಕ್ಕದ ಆಧಾರ. ಸರಾಸರಿ 30 ಖಂಡುಗ ಬೆಳೆಯುವ ಭೂಮಿಯಿದ್ದರೆ 10 ಖಂಡುಗ ಸರ್ಕಾರಕ್ಕೆ, ಅಂದರೆ 1 ವರಹ. ಅಕ್ಷರ ಬಾರದ ರೈತನೂ ಬೆರಳೆಣಿಸಿ ಹೇಳಬಹುದಾದ ಲೆಕ್ಕ.

12 ವರ್ಷವೇ ಏಕೆ? ಮಲೆನಾಡಿನ ಮಳೆಯನ್ನು ಬಲ್ಲವರಿಗೆ ಈ ಪ್ರಶ್ನೆಗೆ ಉತ್ತರ ತಾನಾಗಿ ಹೊಳೆಯುತ್ತದೆ. ಒಂದು ವರ್ಷ ಗದ್ದೆ ಕೊಚ್ಚಿಹೋಗುವಷ್ಟು ಸುರಿದ ಮಳೆ ಮರುವರ್ಷ ನಾಟಿಯ ಹೊತ್ತಿಗೆ ಕೈಕೊಡಬಹುದು. ಒಳ್ಳೆಯ ವರ್ಷವನ್ನು ನೋಡಿ ತೆರಿಗೆ ಕಟ್ಟಿದರೆ ರೈತ ಮುಳುಗುತ್ತಾನೆ, ಕೆಟ್ಟ ವರ್ಷವನ್ನು ನೋಡಿ ಕಟ್ಟಿದರೆ ಅರಮನೆ ಮುಳುಗುತ್ತದೆ. 12 ವರ್ಷದಲ್ಲಿ ಎರಡೂ ಬಂದುಹೋಗುತ್ತವೆ. ಇಂದು ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯ ಪ್ರಮಾಣಿತ ಇಳುವರಿಯನ್ನು ನಿಗದಿಪಡಿಸುವಾಗ ಹಿಂದಿನ 7 ವರ್ಷಗಳ ಪೈಕಿ ಉತ್ತಮವಾದ 5 ವರ್ಷಗಳ ಸರಾಸರಿಯನ್ನು ತೆಗೆದುಕೊಳ್ಳುತ್ತಾರೆ. ಆ ಅಂಕಿಗಳು ಬರುವುದು ಬೆಳೆ ಕಟಾವು ಪ್ರಯೋಗದಿಂದ, ಅಂದರೆ ಆಯ್ದ ತಾಕುಗಳಲ್ಲಿ ಫಸಲನ್ನು ಕೊಯ್ದು ತೂಗಿ ನೋಡುವುದರಿಂದ. 17ನೇ ಶತಮಾನದ ನಡುವಿನಲ್ಲಿ ಬಿದನೂರಿನ ಲೆಕ್ಕಿಗರು ಮಾಡಿದ ಕೆಲಸ ಇದರಿಂದ ಬಹುದೂರವೇನೂ ಇಲ್ಲ.

ತೋಟದ ಭೂಮಿಯ ವಿಷಯಕ್ಕೆ ಬಂದರೆ ಲೆಕ್ಕ ಬದಲಾಗುತ್ತಿತ್ತು. ಅಡಿಕೆ ಸಸಿ ನೆಟ್ಟ ವರ್ಷವೇ ಫಲ ಕೊಡುವುದಿಲ್ಲ. ಹಲವು ವರ್ಷ ನೀರು, ನೆರಳು, ಗೊಬ್ಬರ ಕೊಟ್ಟು ಕಾಯಬೇಕು. ಸುತ್ತಲಿನ ಬೆಟ್ಟದ ಸೊಪ್ಪು ಇಲ್ಲದೆ ತೋಟ ನಿಲ್ಲುವುದಿಲ್ಲ. ಆದುದರಿಂದ ಗದ್ದೆಯ ಅಳತೆಯನ್ನು ತೋಟಕ್ಕೆ ಹಚ್ಚುವಂತಿರಲಿಲ್ಲ. ಅಡಿಕೆ ತೋಟದ ಕಂದಾಯವನ್ನು ಸಾವಿರ ಮರಗಳ ಲೆಕ್ಕದಲ್ಲಿ ಕಟ್ಟಲಾಗುತ್ತಿತ್ತು. ನೆಲವನ್ನು ಅಳೆಯಲು ದಾಯ ಎಂಬ ಕೋಲಿತ್ತು. ಅದರ ಉದ್ದ 18 ಅಡಿ 6 ಅಂಗುಲ. ಈ ಅಳತೆಯನ್ನು ಎಲ್ಲಿಂದ ತೆಗೆದುಕೊಂಡರೆಂಬುದು ಕುತೂಹಲದ ಸಂಗತಿ: ಇಕ್ಕೇರಿಯ ಅಘೋರೇಶ್ವರ ದೇವಾಲಯದ ನಡುವಿನ ಕಂಬಗಳ ನಡುವಣ ಅಂತರವೇ ತೋಟದ ಭೂಮಿಗೆ ಪ್ರಮಾಣವೆಂದು ಗೆಜೆಟಿಯರ್ ತಿಳಿಸುತ್ತದೆ. ಮರದ ಕೋಲು ಸವೆಯಬಹುದು, ಅದನ್ನು ಕುಯ್ಯಲೂಬಹುದು, ಕಬ್ಬಿಣದ ಸರಪಳಿ ಹಿಗ್ಗಬಹುದು. ದೇವಸ್ಥಾನದ ಕಲ್ಲುಕಂಬವನ್ನು ಯಾವ ಅಧಿಕಾರಿಯೂ ಅತ್ತಿತ್ತ ಸರಿಸಲಾರ. ತನ್ನ ತೋಟದ ಅಳತೆಯಲ್ಲಿ ಮೋಸವಾಯಿತೆಂದು ಅನುಮಾನ ಬಂದವನು ಇಕ್ಕೇರಿಗೆ ಹೋಗಿ ಕೋಲನ್ನು ಕಂಬಗಳ ನಡುವೆ ಹಿಡಿದು ನೋಡಬಹುದಿತ್ತು.

ಅಳತೆಯ ಮಾತು ಮಲೆನಾಡಿನಲ್ಲಿ ಎಷ್ಟು ಸೂಕ್ಷ್ಮವೆಂಬುದಕ್ಕೆ ತೀರ ಈಚಿನ ನಿದರ್ಶನವೂ ಇದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿ ರೈತರು ಎದ್ದುನಿಂತಾಗ ಕಿಡಿ ಹೊತ್ತಿಸಿದ್ದು ಗೇಣಿಯ ಭತ್ತವನ್ನು ಅಳೆಯುವ ಕೊಳಗದ ಗಾತ್ರ. ಭೂಮಾಲೀಕರು ದೊಡ್ಡ ಕೊಳಗದಲ್ಲಿ ಅಳೆದುಕೊಳ್ಳುತ್ತಿದ್ದಾರೆ ಎಂಬ ದೂರಿನಿಂದ ಆರಂಭವಾದ ಆ ಸತ್ಯಾಗ್ರಹ ರಾಮಮನೋಹರ ಲೋಹಿಯಾ ಅವರನ್ನು ಕಾಗೋಡಿಗೆ ಕರೆತಂದಿತು. ಉಳುವವನೇ ಹೊಲದೊಡೆಯ ಎಂಬ ನೀತಿ 1974ರಲ್ಲಿ ಕಾನೂನಿನ ರೂಪ ಪಡೆಯುವಾಗಲೂ ಕಾಗೋಡಿನ ನೆನಪು ಹಸಿಯಾಗಿತ್ತು.

ಶಿವಪ್ಪನಾಯಕನ ಲೆಕ್ಕಾಚಾರ ಹೊಲದಲ್ಲಿಗೆ ಮುಗಿಯಲಿಲ್ಲ. ಕಂದಾಯವನ್ನು ಹಣದಲ್ಲಿ ಕಟ್ಟಬೇಕಾದರೆ ರೈತನ ಭತ್ತ, ಮೆಣಸು, ಅಡಿಕೆ ಮಾರಾಟವಾಗಬೇಕು. ಮಾರಾಟವಾಗಬೇಕಾದರೆ ಘಟ್ಟದ ಕೆಳಗಿನ ಬಂದರುಗಳು ಬೇಕು. ಆ ಬಂದರುಗಳ ಬಾಗಿಲಲ್ಲಿ ಪೋರ್ಚುಗೀಸರು ಕೋಟೆ ಕಟ್ಟಿ ಕುಳಿತಿದ್ದರು. ಗೋವೆಯ ಅನ್ನಕ್ಕೆ ಕನ್ನಡ ಕರಾವಳಿಯ ಅಕ್ಕಿಯೇ ಆಧಾರವಾಗಿತ್ತು, ಅವರ ವ್ಯಾಪಾರಕ್ಕೆ ಈ ಸೀಮೆಯ ಮೆಣಸು ಬೇಕಿತ್ತು. ಬೆಲೆಯನ್ನು ಹೇಳುವವರು ಮಾತ್ರ ಅವರೇ ಆಗಿದ್ದರು. 1652ರಿಂದ 1654ರ ನಡುವೆ ಶಿವಪ್ಪನಾಯಕ ಹೊನ್ನಾವರ, ಬಸರೂರು, ಗಂಗೊಳ್ಳಿ, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡ. ಈ ದಂಡಯಾತ್ರೆಯನ್ನು ಶೌರ್ಯದ ಕಥೆಯಾಗಿ ಹೇಳುವುದು ರೂಢಿ. ಬಿದನೂರಿನಲ್ಲಿ ಅದೇ ವರ್ಷಗಳಲ್ಲಿ ಹೊಲಗಳ ಫಸಲನ್ನೂ ಬೆಲೆಯನ್ನೂ ಬರೆದಿಡುತ್ತಿದ್ದರೆಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಮಾರುಕಟ್ಟೆಯನ್ನು ಕೈಗೆ ತೆಗೆದುಕೊಂಡ ಕ್ರಮವೂ ಹೌದು ಎನಿಸುತ್ತದೆ. ದಕ್ಷಿಣಕ್ಕೆ ಅವನ ಅಧಿಕಾರ ಇಂದಿನ ಕಾಸರಗೋಡಿನವರೆಗೆ ಚಾಚಿತು. ಬೇಕಲದ ಕಡಲಂಚಿನ ಕೋಟೆ 1650ರ ಸುಮಾರಿಗೆ ಅವನು ಕಟ್ಟಿಸಿದ್ದೆಂದು ಪ್ರತೀತಿ.

ಬಿದನೂರು ಬೆಳೆದದ್ದು ಈ ವರ್ಷಗಳಲ್ಲಿಯೇ. ಸುತ್ತಲಿನ ಗುಡ್ಡಗಳ ಸಾಲು ಮತ್ತು ಕಾಡನ್ನೇ ಹೊರಗೋಡೆಯಾಗಿ ಬಳಸಿಕೊಂಡು, ಕಣಿವೆಯ ದಾರಿಗಳಿಗೆ ಕಾವಲಿಟ್ಟು, ಒಳಗೆ ವರ್ತಕರನ್ನೂ ಕುಶಲಕರ್ಮಿಗಳನ್ನೂ ನೆಲೆಗೊಳಿಸಲಾಯಿತು. ಬಯಲುಸೀಮೆಗೂ ಕರಾವಳಿಗೂ ನಡುವೆ ಹೊಸಂಗಡಿ ಘಾಟಿಯ ನೆತ್ತಿಯಲ್ಲಿದ್ದ ಊರು ಸಹಜವಾಗಿಯೇ ವ್ಯಾಪಾರದ ಕೇಂದ್ರವಾಯಿತು. ಅಲ್ಲಿ ಲಕ್ಷ ಮನೆಗಳಿದ್ದವು ಎಂದು ಜನ ಹೇಳಿಕೊಂಡು ಬಂದಿದ್ದಾರೆ. ಈ ಸಂಖ್ಯೆಯನ್ನು ಅಕ್ಷರಶಃ ನಂಬಬೇಕಿಲ್ಲ. ಇಂದು ಹೊಸನಗರ ತಾಲ್ಲೂಕಿನ ನಗರ ಎಂಬ ಪುಟ್ಟ ಊರನ್ನು ಕಂಡವರಿಗೆ ಆ ಮಾತು ಕಥೆಯಂತೆಯೇ ಕೇಳಿಸೀತು.

ಅರಮನೆಯ ಖರ್ಚಿಗೂ ಆತ ಲೆಕ್ಕ ಕಟ್ಟಿದ್ದನೆಂಬುದನ್ನು ಇಲ್ಲಿ ಹೇಳಬೇಕು. ಪ್ರಹರ ಪಟ್ಟಿ ಎಂಬ ಹೆಸರಿನ ಆ ವ್ಯವಸ್ಥೆ ದಿನನಿತ್ಯದ ವೆಚ್ಚಗಳನ್ನು ಬಾಬುವಾರು ನಿಗದಿಪಡಿಸುತ್ತಿತ್ತು. ಬರುವ ಆದಾಯ ಇಂತಿಷ್ಟೇ ಎಂದು ಕಟ್ಟಿದ ಮೇಲೆ ಹೋಗುವ ವೆಚ್ಚವೂ ಅದರೊಳಗೇ ನಿಲ್ಲಬೇಕಲ್ಲವೇ? ರೈತನಿಗೆ ಮಿತಿ ಹಾಕಿ ತನಗೆ ಹಾಕಿಕೊಳ್ಳದ ಆಡಳಿತಗಳನ್ನು ಕಂಡಿರುವ ನಮಗೆ ಈ ಜೋಡಣೆ ಅಪರೂಪದ್ದಾಗಿ ತೋರುತ್ತದೆ.

ಹಾಗೆಂದು ಶಿಸ್ತನ್ನು ಬರೀ ದಯೆಯ ಕಾರ್ಯವೆಂದು ವರ್ಣಿಸಿದರೆ ತಪ್ಪಾದೀತು. ಒಟ್ಟು ಉತ್ಪನ್ನದಲ್ಲಿ ಮೂರನೆಯ ಒಂದು ಪಾಲು ಹಗುರವಾದ ಹೊರೆಯಲ್ಲ. ಸಾಗುವಳಿಯ ಖರ್ಚನ್ನು ಸರ್ಕಾರ ಬರೆದುಕೊಂಡಿತು, ನಿಜ. ಆದರೆ ಪಾಲನ್ನು ಖರ್ಚು ಕಳೆದ ಉಳಿಕೆಯ ಮೇಲಲ್ಲ, ಒಟ್ಟು ಫಸಲಿನ ಮೇಲೆಯೇ ಲೆಕ್ಕ ಹಾಕಲಾಯಿತು. ಬೀಜ, ಎತ್ತು, ಆಳುಗಳ ಖರ್ಚೆಲ್ಲ ರೈತನ ಉಳಿದೆರಡು ಪಾಲಿನೊಳಗೇ ಹೋಗಬೇಕಿತ್ತು. ಗದ್ದೆಯಲ್ಲಿ ದುಡಿದು ಗದ್ದೆಯ ಮೇಲೆ ಹಕ್ಕಿಲ್ಲದವರ ಪಾಲು ಈ ಲೆಕ್ಕದ ಹೊರಗೇ ಉಳಿಯಿತು. ಸಂಗ್ರಹವಾದ ಹಣದಲ್ಲಿ ದೊಡ್ಡ ಭಾಗ ದಂಡಿಗೆ ಹೋಯಿತೆಂಬುದು ಅವನ ಯುದ್ಧಗಳ ಪಟ್ಟಿಯಿಂದಲೇ ತಿಳಿಯುತ್ತದೆ. ಆದರೂ ರೈತನಿಗೆ ಒಂದು ಭದ್ರತೆ ಸಿಕ್ಕಿತು: ಮುಂದಿನ ವರ್ಷ ತಾನು ಎಷ್ಟು ಕಟ್ಟಬೇಕೆಂಬುದು ಅವನಿಗೆ ಇಂದೇ ಗೊತ್ತಿತ್ತು. ಹೆಚ್ಚು ಬೆಳೆದರೆ ಹೆಚ್ಚಳ ಅವನದೇ. ಗುತ್ತಿಗೆದಾರನ ಮರ್ಜಿಗೆ ಬಿದ್ದ ಊರುಗಳಲ್ಲಿ ಈ ಎರಡೂ ಇರಲಿಲ್ಲ.

ಕೊನೆಯ ವರ್ಷಗಳಲ್ಲಿ ಶಿವಪ್ಪನಾಯಕನ ಗಮನ ಮೈಸೂರಿನ ಕಡೆಗೆ ಹೊರಳಿತು. ನೆಲೆ ಕಳೆದುಕೊಂಡು ಬಂದ ವಿಜಯನಗರದ ಮೂರನೆಯ ಶ್ರೀರಂಗರಾಯನಿಗೆ ಆಶ್ರಯವಿತ್ತು, ಬೇಲೂರಿನಲ್ಲಿ ನೆಲೆಗೊಳಿಸಿದ. ಅವನ ಹೆಸರಿನಲ್ಲಿ 1659ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ. ಮುತ್ತಿಗೆ ಫಲಿಸಲಿಲ್ಲ. ಮರುವರ್ಷ, 1660ರಲ್ಲಿ, ತೀರಿಕೊಂಡ. 15 ವರ್ಷಗಳ ಆಳ್ವಿಕೆಯಲ್ಲಿ 12 ವರ್ಷ ಅಳೆಯುವುದಕ್ಕೇ ಹೋಗಿತ್ತು. ತಾನು ಕಟ್ಟಿದ ಕಂದಾಯ ಊರೂರುಗಳಲ್ಲಿ ಹೇಗೆ ನಡೆಯುತ್ತದೆಂದು ನೋಡಲು ಅವನಿಗೆ ಕಾಲ ಉಳಿದಿರಲಿಲ್ಲ.

ತಮ್ಮ ವೆಂಕಟಪ್ಪನಾಯಕ ಒಂದು ವರ್ಷದ ಆಸುಪಾಸು ಆಳಿದ. ಆಮೇಲೆ ಮಕ್ಕಳಾದ ಭದ್ರಪ್ಪ, ಸೋಮಶೇಖರರು ಪಟ್ಟಕ್ಕೆ ಬಂದರು. ಸೋಮಶೇಖರನ ಪತ್ನಿ ಚೆನ್ನಮ್ಮ 1671ರಿಂದ 1696ರವರೆಗೆ ರಾಜ್ಯವನ್ನು ನಡೆಸಿದಳು. ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತು ಔರಂಗಜೇಬನ ಸೈನ್ಯವನ್ನು ಎದುರಿಸಿದ ಕೆಳದಿ ಚೆನ್ನಮ್ಮ ಈಕೆಯೇ. ಇಷ್ಟೆಲ್ಲ ಏರುಪೇರುಗಳ ನಡುವೆಯೂ 1660ರಿಂದ 39 ವರ್ಷ ಶಿಸ್ತಿನ ದರ ಬದಲಾಗಲಿಲ್ಲ. ಬಳಿಕ ಬಸಪ್ಪನಾಯಕನ ಕಾಲದಲ್ಲಿ ಯಾತ್ರಿಕರಿಗೆ ಅನ್ನ ನೀಡುವ ಸಲುವಾಗಿ ದಾಸೋಹದ ಹೆಸರಿನಲ್ಲಿ ವರಹಕ್ಕೆ ಒಂದಾಣೆಯಂತೆ ಸೇರಿಸಲಾಯಿತು. ಮೂಲ ಲೆಕ್ಕವನ್ನು ಕದಲಿಸದೆ ಅದರ ಮೇಲೆ ಕೂಡಿಸುತ್ತ ಹೋಗುವುದೇ ಮುಂದಿನವರ ಕ್ರಮವಾಯಿತು.

1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರ ಎಂದು ಹೆಸರಿಟ್ಟ. ಇಂದಿನ ನಗರ ಎಂಬ ಹೆಸರು ಅದರ ಉಳಿಕೆ. ಅರಸೊತ್ತಿಗೆ ಹೋಯಿತು, ಶಿಸ್ತಿನ ಹೆಸರು ಹೋಗಲಿಲ್ಲ. ಟಿಪ್ಪುವಿನ ಪತನದ ತರುವಾಯ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಈ ಸೀಮೆಯಲ್ಲಿ ಸಂಚರಿಸಿ ಬೆಳೆ, ಮಣ್ಣು, ತೆರಿಗೆಗಳ ವಿವರ ಸಂಗ್ರಹಿಸಿದಾಗ ಜನ ಕಂದಾಯದ ಮಾತನ್ನು ಶಿವಪ್ಪನಾಯಕನ ಹೆಸರಿನೊಂದಿಗೇ ಹೇಳುತ್ತಿದ್ದರು. ಅವನು ಸತ್ತು ಆಗ 140 ವರ್ಷಗಳಾಗಿದ್ದವು.

ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನೂ ಇದೇ ನೆಲ ಕಂಡಿತು. 19ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನದ ಅಧಿಕಾರಿಗಳು ಇಂತಿಷ್ಟು ಹಣ ತರುತ್ತೇವೆಂದು ಕರಾರು ಮಾಡಿಕೊಂಡು ವಸೂಲಿಗೆ ಇಳಿದರು. ಶರತ್ತು ಪದ್ಧತಿ ಎಂದು ಅದಕ್ಕೆ ಹೆಸರು. ನೆಲ ಎಷ್ಟು ಕೊಡಬಲ್ಲದೆಂಬ ಪ್ರಶ್ನೆಯೇ ಅಲ್ಲಿ ಬರುತ್ತಿರಲಿಲ್ಲ. 1830ರಲ್ಲಿ ನಗರ ಸೀಮೆಯ ರೈತರು ಕೂಟ ಸೇರಿ ಕಂದಾಯ ಕೊಡಲು ನಿರಾಕರಿಸಿದರು. ಬಿದನೂರಿನ ಅರಸು ಮನೆತನದ ವಾರಸುದಾರನೆಂದು ಹೇಳಿಕೊಂಡ ಬೂದಿ ಬಸವಪ್ಪನ ಹಿಂದೆ ಜನ ನೆರೆದರು. ದಂಗೆಯನ್ನು ಹತ್ತಿಕ್ಕಲಾಯಿತು, ಆದರೆ ಅದನ್ನೇ ಕಾರಣವಾಗಿ ತೋರಿಸಿ 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. ಅರ್ಧ ಶತಮಾನ ಸಂಸ್ಥಾನ ಕಮಿಷನರುಗಳ ಅಧೀನದಲ್ಲಿತ್ತು.

ಆ ಕಾಲದಲ್ಲಿಯೇ, 1863ರಲ್ಲಿ, ಮೈಸೂರಿನಲ್ಲಿ ಆಧುನಿಕ ಭೂಮಾಪನ ಆರಂಭವಾಯಿತು. ಸರಪಳಿ ಹಿಡಿದು ಪ್ರತಿ ಹೊಲವನ್ನೂ ಅಳೆದು, ಸರ್ವೆ ನಂಬರು ಕೊಟ್ಟು, ಮಣ್ಣಿನ ಗುಣವನ್ನು ಆಣೆಗಳ ಲೆಕ್ಕದಲ್ಲಿ ಗುರುತಿಸಿ, 30 ವರ್ಷದ ಅವಧಿಗೆ ಕಂದಾಯ ಗೊತ್ತುಪಡಿಸುವ ಪದ್ಧತಿ ಅದು. ಇಂದು ಭೂಮಿ ಕೇಂದ್ರದಲ್ಲಿ ಪಡೆಯುವ ಪಹಣಿಯಲ್ಲಿ ಕಾಣುವ ಖುಷ್ಕಿ, ತರಿ, ಬಾಗಾಯ್ತು ಎಂಬ ವಿಂಗಡಣೆ ಆ ವಂಶದ್ದು. ಬೆಂಗಳೂರಿನಲ್ಲಿ ಕುಳಿತು ಊರಿನ ಪಹಣಿಯನ್ನು ಗಣಕಯಂತ್ರದಲ್ಲಿ ತೆರೆದು ನೋಡುವವರು ಆ ಮೂರು ಪದಗಳನ್ನು ಗಮನಿಸಿರಲಾರರು. ಗದ್ದೆಗೊಂದು, ತೋಟಕ್ಕೊಂದು ಎಂದು ನೆಲವನ್ನು ಅದರ ಬಳಕೆಯಂತೆ ಬೇರ್ಪಡಿಸಿ ನೋಡುವ ದೃಷ್ಟಿ ಮಾತ್ರ ಬ್ರಿಟಿಷರೊಂದಿಗೆ ಹಡಗಿನಲ್ಲಿ ಬಂದದ್ದಲ್ಲ.

ಶಿವಪ್ಪನಾಯಕನ ಜೀವನವನ್ನು ತಿಳಿಯಲು ಲಿಂಗಣ್ಣ ಕವಿಯ ಕೆಳದಿನೃಪವಿಜಯ ಮುಖ್ಯ ಆಧಾರ. ಕಾವ್ಯದಲ್ಲಿ ಸಹಜವಾಗಿ ದಂಡಯಾತ್ರೆ, ದಾನಧರ್ಮಗಳಿಗೇ ಹೆಚ್ಚಿನ ಸ್ಥಾನ. ಲೆಕ್ಕದ ಪುಸ್ತಕಗಳು ಕವಿಗಳನ್ನು ಸೆಳೆಯುವುದಿಲ್ಲ. ಕೆಳದಿಯ ವಸ್ತುಸಂಗ್ರಹಾಲಯದಲ್ಲಿ ಆ ಮನೆತನದ ಕಾಲದ ಓಲೆಗರಿ, ಕಡತಗಳನ್ನು ಕಾಪಿಡಲಾಗಿದೆ. ಶಿವಮೊಗ್ಗದ ತುಂಗಾ ತೀರದಲ್ಲಿ ಅವನ ಹೆಸರಿನ ಅರಮನೆ ಇದೆ, ಅದೂ ಈಗ ವಸ್ತುಸಂಗ್ರಹಾಲಯ. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲಿ ಆವರಣವಿರುವ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೂ ಕೆಳದಿ ಶಿವಪ್ಪನಾಯಕನ ಹೆಸರನ್ನೇ ಇಡಲಾಗಿದೆ. ಅಲ್ಲಿಂದ ದೂರವಿಲ್ಲದ ಇಕ್ಕೇರಿಯಲ್ಲಿ ಅಘೋರೇಶ್ವರನ ಕಂಬಗಳು ಅದೇ 18 ಅಡಿ 6 ಅಂಗುಲದ ಅಂತರದಲ್ಲಿ ನಿಂತಿವೆ.